ಜಿಲ್ಲೆಯಿಂದ ಕಂಡ ಬೆಳ್ಳಿತೆರೆ: ಚಿತ್ರ ವಿಮರ್ಶಕನ ಕಸುಬು

(ರಾಯಚೂರಿನಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಲಿಖಿತ ರೂಪ)



‘ಚಿತ್ರ ವಿಮರ್ಶಕನ ವೃತ್ತಿಜೀವನ’ ಎಂಬ ವಿಷಯ ಕೊಟ್ಟು ನನ್ನನ್ನು ಕರೆದಿದ್ದೀರಿ. ಮೊದಲಿಗೇ ಒಂದು ಸತ್ಯ ಹೇಳಿಬಿಡುತ್ತೇನೆ. ರಾಯಚೂರು, ಮಾನ್ವಿ, ದೇವದುರ್ಗದಂಥ ಊರುಗಳಲ್ಲಿ ಚಿತ್ರ ವಿಮರ್ಶಕ ಎಂಬ ಹುದ್ದೆ ಇಲ್ಲ. ಇಲ್ಲಿನ ವರದಿಗಾರ ಬೆಳಿಗ್ಗೆ ಎಪಿಎಂಸಿಗೆ ಹೋಗಿ ಹತ್ತಿಯ ಧಾರಣೆ ಕೇಳುತ್ತಾನೆ, ಮಧ್ಯಾಹ್ನ ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಕೂಡುತ್ತಾನೆ, ಸಂಜೆ ಅಪಘಾತದ ಸುದ್ದಿ ಹಿಡಿದು ಪೊಲೀಸ್ ಠಾಣೆಗೆ ಫೋನ್ ಹಚ್ಚುತ್ತಾನೆ. ಇವೆಲ್ಲದರ ನಡುವೆ ಶುಕ್ರವಾರ ಬಂದರೆ ಅವನೇ ಚಿತ್ರ ವಿಮರ್ಶಕ. ನಾನೂ ಅಂಥವನೇ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಹೆಚ್ಚು ವರ್ಷಗಳಾಗಿಲ್ಲ. ಆದ್ದರಿಂದ ಇದನ್ನು ಉಪದೇಶವೆಂದು ತಿಳಿಯಬೇಡಿ. ಒಂದು ತಪ್ಪಿನಿಂದ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ. ಅದಕ್ಕೆ ಮುಂಚೆ ಈ ಕಸುಬಿನ ಹಿನ್ನೆಲೆ ಸ್ವಲ್ಪ ತಿಳಿಯೋಣ.

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶಿಸಿದ ಈ ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಆಮೇಲಿನ ಹಲವು ದಶಕಗಳ ಕಾಲ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಅಂದರೆ ಕನ್ನಡ ಚಿತ್ರ ಬೇರೆ ಊರಿನಲ್ಲಿ ಹುಟ್ಟಿ ಕನ್ನಡ ನಾಡಿಗೆ ಬರುತ್ತಿತ್ತು. ಪ್ರೇಕ್ಷಕನಿಗೂ ಸ್ಟುಡಿಯೋಗೂ ನಡುವೆ ಇದ್ದ ಈ ದೂರವನ್ನು ತುಂಬಿದ್ದು ಪತ್ರಿಕೆಗಳು. ಮದ್ರಾಸಿನಿಂದ ಬರುತ್ತಿದ್ದ ‘ವಿಜಯಚಿತ್ರ’, ಮಣಿಪಾಲ ಬಳಗದ ‘ರೂಪತಾರಾ’ದಂಥ ಸಿನಿಮಾ ಮಾಸಪತ್ರಿಕೆಗಳನ್ನು ನಮ್ಮ ಹಿಂದಿನ ತಲೆಮಾರಿನವರು ಕಾದು ಓದುತ್ತಿದ್ದರು. ದಿನಪತ್ರಿಕೆ, ವಾರಪತ್ರಿಕೆಗಳಲ್ಲೂ ಸಿನಿಮಾಕ್ಕೆ ಪುಟಗಳು ಮೀಸಲಾದವು. ನಟ ನಟಿಯರ ಸಂದರ್ಶನ, ಚಿತ್ರೀಕರಣದ ವರದಿ, ಓದುಗರ ಪ್ರಶ್ನೆಗೆ ಉತ್ತರ, ಒಂದು ಮೂಲೆಯಲ್ಲಿ ವಿಮರ್ಶೆ - ಇದು ಆ ಪುಟಗಳ ಸಾಮಾನ್ಯ ಸ್ವರೂಪ.

ಒಂದು ವಿಚಿತ್ರ ಗಮನಿಸಿ. ‘ಸತಿ ಸುಲೋಚನ’ದ ಪ್ರತಿ ಇಂದು ಲಭ್ಯವಿಲ್ಲ. ನಮ್ಮ ಭಾಷೆಯ ಮೊದಲ ಮಾತಿನ ಚಿತ್ರವನ್ನು ನಾವ್ಯಾರೂ ನೋಡಲಾರೆವು. ಅದರ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅಂದಿನವರು ಬರೆದಿಟ್ಟದ್ದು, ಹೇಳಿ ಹೋದದ್ದು, ಉಳಿದಿರುವ ಸ್ಥಿರಚಿತ್ರಗಳು, ಜಾಹೀರಾತುಗಳು. ಫಿಲ್ಮು ಸುಟ್ಟು ಹೋಗುತ್ತದೆ, ಕೊಳೆತು ಹೋಗುತ್ತದೆ. ಕಾಗದದ ಮೇಲೆ ಬರೆದ ನಾಲ್ಕು ಸಾಲು ಎಲ್ಲೋ ಒಂದು ಗ್ರಂಥಾಲಯದ ಕಟ್ಟಿನಲ್ಲಿ ಉಳಿದುಕೊಳ್ಳುತ್ತದೆ. ಆದ್ದರಿಂದ ವಿಮರ್ಶೆ ಎಂದರೆ ಈ ವಾರದ ಟಿಕೆಟ್ಟಿಗೆ ಕೊಡುವ ಸಲಹೆ ಮಾತ್ರವಲ್ಲ. ಮುಂದಿನವರಿಗೆ ಬಿಟ್ಟು ಹೋಗುವ ಸಾಕ್ಷಿಯೂ ಹೌದು. ಸಾಕ್ಷಿ ಸುಳ್ಳಾದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕನ್ನಡದಲ್ಲಿ ಸಿನಿಮಾ ಪತ್ರಿಕೋದ್ಯಮವನ್ನೇ ಬದುಕಾಗಿಸಿಕೊಂಡವರಲ್ಲಿ ಡಾ. ವಿಜಯಾ ಅವರನ್ನು ಇಲ್ಲಿ ನೆನೆಯಬೇಕು. ಪತ್ರಿಕಾ ವಲಯದಲ್ಲಿ ಎಲ್ಲರೂ ಅವರನ್ನು ವಿಜಯಮ್ಮ ಎಂದೇ ಕರೆಯುತ್ತಾರೆ. 1942ರಲ್ಲಿ ದಾವಣಗೆರೆಯಲ್ಲಿ ಹುಟ್ಟಿದ ಅವರು ‘ತುಷಾರ’, ‘ರೂಪತಾರಾ’ ಮೊದಲಾದ ಪತ್ರಿಕೆಗಳಲ್ಲಿ ದುಡಿದರು. ಬೀದಿ ನಾಟಕಗಳಲ್ಲಿ ತೊಡಗಿಕೊಂಡರು. ಅವರ ಆತ್ಮಕಥೆ ‘ಕುದಿ ಎಸರು’ ಕೃತಿಗೆ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಚಿತ್ರರಂಗದ ಥಳಕು ತುಂಬಿದ ಪುಟಗಳನ್ನು ರೂಪಿಸುತ್ತಿದ್ದ ಹೆಣ್ಣುಮಗಳೊಬ್ಬರು ಮನೆಯೊಳಗೆ ಎಂಥ ಹಿಂಸೆ ಉಂಡಿದ್ದರು ಎಂಬುದನ್ನು ಆ ಪುಸ್ತಕ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸಿನಿಮಾ ಪತ್ರಿಕೋದ್ಯಮವೆಂದರೆ ಹಗುರವಾದದ್ದು, ತಾರೆಯರ ಹಿಂದೆ ತಿರುಗುವುದು ಎಂದು ಭಾವಿಸಿದವರು ಆ ಪುಸ್ತಕ ಓದಬೇಕು. ಕೆಲಸವೇ ಅವರಿಗೆ ಬಿಡುಗಡೆಯ ದಾರಿಯಾಯಿತು. ಹೆಣ್ಣುಮಕ್ಕಳು ಸುದ್ದಿಮನೆಗೆ ಬರುವುದೇ ಅಪರೂಪವಾಗಿದ್ದ ದಿನಗಳಲ್ಲಿ, ಗಂಡಸರೇ ತುಂಬಿದ್ದ ಗಾಂಧಿನಗರದ ಲೋಕದ ಬಗ್ಗೆ ಬರೆದು ಬದುಕುವುದು ಸಣ್ಣ ಧೈರ್ಯವಲ್ಲ.

ಇನ್ನಿಬ್ಬರನ್ನು ನೆನೆಯುತ್ತೇನೆ. ಡಾ. ಕೆ. ಪುಟ್ಟಸ್ವಾಮಿ ಅವರ ‘ಸಿನಿಮಾ ಯಾನ’ ಕನ್ನಡ ಚಿತ್ರರಂಗದ ಹಾದಿಯನ್ನು ದಾಖಲಿಸಿದ ಪುಸ್ತಕ. 2009ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸಿನಿಮಾ ಕುರಿತ ಅತ್ಯುತ್ತಮ ಕೃತಿ ಎಂಬ ಮನ್ನಣೆ ಅದಕ್ಕೆ ಸಿಕ್ಕಿತು. ಅದರ ಮರುವರ್ಷ, 2010ನೇ ಸಾಲಿನಲ್ಲಿ, ಎನ್. ಮನು ಚಕ್ರವರ್ತಿ ಅವರು ಅತ್ಯುತ್ತಮ ಚಿತ್ರ ವಿಮರ್ಶಕ ಪ್ರಶಸ್ತಿಯನ್ನು ಹಂಚಿಕೊಂಡರು. ವಿಮರ್ಶಕನಿಗೂ ರಾಷ್ಟ್ರಮಟ್ಟದಲ್ಲಿ ಒಂದು ಪ್ರಶಸ್ತಿ ಇದೆ ಎಂಬುದೇ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಅದು ಶುರುವಾದದ್ದು 1984ನೇ ಸಾಲಿನಿಂದ.

ಇವರೆಲ್ಲ ದೊಡ್ಡವರು, ಹೆಚ್ಚಾಗಿ ಬೆಂಗಳೂರಿನಲ್ಲಿದ್ದು ಕೆಲಸ ಮಾಡಿದವರು. ಹಾಗಾದರೆ ರಾಯಚೂರಿನಲ್ಲಿ ಕುಳಿತ ವರದಿಗಾರ ಸಿನಿಮಾ ಬಗ್ಗೆ ಏಕೆ ಬರೆಯಬೇಕು? ಬೆಂಗಳೂರಿನ ವಿಮರ್ಶೆಯನ್ನೇ ಹಾಕಿಕೊಂಡರೆ ಸಾಲದೇ? ಈ ಪ್ರಶ್ನೆಯನ್ನು ನಮ್ಮ ಕಚೇರಿಯಲ್ಲೇ ನನಗೆ ಕೇಳಿದ್ದಾರೆ.

ಉತ್ತರ ನಮ್ಮ ಭೂಗೋಳದಲ್ಲಿದೆ. ರಾಯಚೂರಿನಿಂದ ಬೆಂಗಳೂರು ಸುಮಾರು 400 ಕಿ.ಮೀ. ದೂರ. ಹೈದರಾಬಾದ್ ಅದರ ಅರ್ಧ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. 1956ರ ನವೆಂಬರ್ 1ರಂದು ಕನ್ನಡ ನಾಡಿನೊಂದಿಗೆ ಒಂದಾದೆವು. ನಕ್ಷೆ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಬದಲಾಗದೆ ಉಳಿದ ಒಂದು ನಕ್ಷೆ ಇದೆ. ಅದು ಸಿನಿಮಾ ವಿತರಕರದು. ಹಿಂದಿ ಚಿತ್ರ ವ್ಯಾಪಾರದಲ್ಲಿ ದೇಶವನ್ನು ಹಲವು ವಲಯಗಳಾಗಿ ಹಂಚಿಕೊಂಡಿದ್ದರು. ಅದರಲ್ಲಿ ‘ನಿಜಾಮ್’ ಎಂಬುದೂ ಒಂದು ವಲಯ. ಬೀದರ್, ಕಲಬುರ್ಗಿ, ರಾಯಚೂರು ಆ ವಲಯಕ್ಕೆ ಸೇರಿದವು. ಅರಸ ಹೋದ, ಅರಸೊತ್ತಿಗೆ ಹೋಯಿತು; ಲೆಕ್ಕದ ಪುಸ್ತಕದಲ್ಲಿ ಅವನ ಹೆಸರು ಮಾತ್ರ ದಶಕಗಟ್ಟಲೆ ಉಳಿಯಿತು.

ಇದರ ಫಲವೇನು? ನಮ್ಮ ಪ್ರೇಕ್ಷಕ ಒಂದೇ ವಾರದಲ್ಲಿ ಕನ್ನಡ, ತೆಲುಗು, ಹಿಂದಿ ಮೂರನ್ನೂ ನೋಡುತ್ತಾನೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು ಬೆರೆತ ಮಾತು, ಗದ್ದೆಯ ಕಡೆ ಹೋದರೆ ತೆಲುಗು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ಕರಾವಳಿಯಿಂದ ರೈತ ಕುಟುಂಬಗಳು ಬಂದು ಮಾನ್ವಿ, ಸಿಂಧನೂರು ಭಾಗದಲ್ಲಿ ನೆಲೆನಿಂತವು. ಅವರ ವಸತಿಗಳನ್ನು ನಾವು ‘ಕ್ಯಾಂಪು’ ಎನ್ನುತ್ತೇವೆ. ಮಾನ್ವಿ ತಾಲ್ಲೂಕಿನ ಅಮರೇಶ್ವರ ಕ್ಯಾಂಪಿನಲ್ಲಿ 1973ರ ಅಕ್ಟೋಬರ್ 10ರಂದು ಒಬ್ಬ ಹುಡುಗ ಹುಟ್ಟಿದ. ಹೆಸರು ಎಸ್.ಎಸ್. ರಾಜಮೌಳಿ. ಅವರ ‘ಆರ್‌ಆರ್‌ಆರ್‌’ ಚಿತ್ರದ ಹಾಡು 2023ರಲ್ಲಿ ಆಸ್ಕರ್ ಗೆದ್ದಾಗ ನಮ್ಮ ಪತ್ರಿಕೆಗಳೆಲ್ಲ ‘ರಾಯಚೂರಿನ ನಂಟು’ ಎಂದು ಹೆಮ್ಮೆಪಟ್ಟವು.

ಆದರೆ ಇನ್ನೊಂದು ಘಟನೆಯನ್ನೂ ಜೊತೆಯಲ್ಲಿಟ್ಟು ನೋಡಿ. 2017ರ ಏಪ್ರಿಲ್‌ನಲ್ಲಿ ‘ಬಾಹುಬಲಿ’ಯ ಎರಡನೇ ಭಾಗ ಬಿಡುಗಡೆಯಾಗುವ ಹೊತ್ತಿಗೆ ನಟ ಸತ್ಯರಾಜ್ ಕಾವೇರಿ ವಿವಾದದ ಕಾಲದಲ್ಲಿ ಆಡಿದ್ದ ಹಳೆಯ ಮಾತಿನಿಂದಾಗಿ ಕರ್ನಾಟಕದಲ್ಲಿ ಚಿತ್ರಕ್ಕೆ ವಿರೋಧ ಎದ್ದಿತು. ಆಗ ರಾಜಮೌಳಿ ಕನ್ನಡದಲ್ಲಿ ಮಾತಾಡಿದ ವಿಡಿಯೊ ಬಿಡುಗಡೆ ಮಾಡಿ, ತಮ್ಮ ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ ಎಂಬರ್ಥದ ವಿನಂತಿಯನ್ನೂ ಮಾಡಿಕೊಂಡರು. ಮಾನ್ವಿಯ ಮಣ್ಣಿನಲ್ಲಿ ಹುಟ್ಟಿದ ನಿರ್ದೇಶಕ, ಬೆಂಗಳೂರಿನ ವಿವಾದಕ್ಕೆ, ಅಪರಿಚಿತನಂತೆ ಕನ್ನಡದಲ್ಲಿ ಸಮಜಾಯಿಷಿ ಹೇಳುವ ಆ ದೃಶ್ಯದಲ್ಲಿ ನಮ್ಮ ಜಿಲ್ಲೆಯ ಇಡೀ ಚರಿತ್ರೆ ಇದೆ. ನಮಗೆ ತೆಲುಗು ಹೊರಗಿನದಲ್ಲ, ಕನ್ನಡ ಎರವಲಲ್ಲ. ಇದನ್ನು ಬೆಂಗಳೂರಿನ ಪುಟದಿಂದ ನಿರೀಕ್ಷಿಸುವುದು ಸರಿಯಲ್ಲ. ಇಲ್ಲಿನವನೇ ಬರೆಯಬೇಕು.

ಇನ್ನು ಕೆಲಸದ ರೀತಿ. ನಮ್ಮಪ್ಪ ದೇವದುರ್ಗದವರು. ಅವರ ಕಾಲದಲ್ಲಿ ಚಿತ್ರವೆಂದರೆ ತಗಡಿನ ಪೆಟ್ಟಿಗೆಗಳಲ್ಲಿ ತುಂಬಿದ ರೀಲುಗಳು. ಆ ಪೆಟ್ಟಿಗೆ ಮೊದಲು ದೊಡ್ಡ ಊರುಗಳಲ್ಲಿ ತಿರುಗಿ, ರಾಯಚೂರಿಗೆ ಬಂದು, ಅಲ್ಲಿ ಓಡುವಷ್ಟು ಓಡಿ, ಆಮೇಲೆ ತಾಲ್ಲೂಕಿನ ದಾರಿ ಹಿಡಿಯುತ್ತಿತ್ತು. ಬರುವ ಹೊತ್ತಿಗೆ ರೀಲಿನ ತುಂಬ ಗೀರು. ಅಲ್ಲಲ್ಲಿ ತುಂಡಾಗಿ ಅಂಟಿಸಿದ್ದರಿಂದ ಹಾಡಿನ ಅರ್ಧ ಚರಣವೇ ಮಾಯ. ‘ಬೆಂಗಳೂರಾಗ ನೂರು ದಿನ ಆದ ಮ್ಯಾಲೆ ನಮ್ಮೂರಿಗಿ ಬರ್ತಿತ್ತಪಾ. ಕತಿ ಎಲ್ಲಾರಿಗೂ ಗೊತ್ತಿರ್ತಿತ್ತು. ಆದ್ರೂ ಹೋಗ್ತಿದ್ವಿ’ ಎಂದು ಅಪ್ಪ ಈಗಲೂ ನಗುತ್ತಾರೆ. ಅಂಥ ಕಾಲದಲ್ಲಿ ಪತ್ರಿಕೆಯ ವಿಮರ್ಶೆ ಚಿತ್ರಕ್ಕಿಂತ ಎಷ್ಟೋ ಮುಂಚೆ ಊರು ಮುಟ್ಟಿರುತ್ತಿತ್ತು. ಜನ ಅದನ್ನು ಕಥೆ ತಿಳಿಯಲು, ಚಿತ್ರದ ಕನಸು ಕಾಣಲು ಓದುತ್ತಿದ್ದರೇ ಹೊರತು, ಹೋಗಬೇಕೋ ಬೇಡವೋ ಎಂದು ನಿರ್ಧರಿಸಲು ಅಲ್ಲ.

ಈಗ ಹಾಗಿಲ್ಲ. ರೀಲಿನ ಪೆಟ್ಟಿಗೆ ಹೋಗಿ ಡಿಜಿಟಲ್ ಪ್ರದರ್ಶನ ಬಂದ ಮೇಲೆ ಬೆಂಗಳೂರಿನಲ್ಲಿ ಶುಕ್ರವಾರ ತೆರೆಕಂಡ ಚಿತ್ರ ಅದೇ ಶುಕ್ರವಾರ ಇಲ್ಲೂ ತೆರೆ ಕಾಣಬಹುದು. ದೊಡ್ಡ ಚಿತ್ರವಾದರೆ ಬೆಳಗಿನ ಜಾವದ ಆಟವೂ ಉಂಟು. ಹಾಗಾಗಿ ಜಿಲ್ಲೆಯ ವರದಿಗಾರನ ಮಾತಿಗೆ ಈಗ ಹಿಂದಿಲ್ಲದ ತೂಕ ಬಂದಿದೆ. ತೂಕದ ಜೊತೆಗೆ ಹೊಣೆಯೂ ಬಂದಿದೆ. ನನ್ನ ತಪ್ಪಿನ ಕಥೆ ಶುರುವಾಗುವುದೇ ಇಲ್ಲಿ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಹೋಗಿದ್ದೆ. ಇಂಟರ್‌ವೆಲ್ ಹೊತ್ತಿಗೆ ಕಚೇರಿಯಿಂದ ಫೋನ್ ಬಂತು. ಹೆದ್ದಾರಿಯಲ್ಲಿ ಅಪಘಾತವಾಗಿದೆ, ಹೋಗು ಎಂದರು. ಹೋದೆ. ರಾತ್ರಿ ಎಂಟಕ್ಕೆ ಮರಳಿದಾಗ ಸಿನಿಮಾ ಪುಟದಲ್ಲಿ ಜಾಗ ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದರು. ನನ್ನ ಬಳಿ ನೋಡಿದ ಅರ್ಧ ಚಿತ್ರವಿತ್ತು, ಚಿತ್ರತಂಡ ಕಳಿಸಿದ ಪತ್ರಿಕಾ ಪ್ರಕಟಣೆ ಇತ್ತು. ಎರಡನ್ನೂ ಸೇರಿಸಿ ವಿಮರ್ಶೆ ಬರೆದೆ. ದ್ವಿತೀಯಾರ್ಧದಲ್ಲಿ ತಾಯಿ ಮಗನ ನಡುವಿನ ದೃಶ್ಯ ಕಣ್ಣು ತೇವಗೊಳಿಸುತ್ತದೆ, ಇಡೀ ಕುಟುಂಬ ಕುಳಿತು ನೋಡಬಹುದಾದ ಚಿತ್ರ ಎಂದು ಮುಗಿಸಿದೆ. ಮರುದಿನ ಅಚ್ಚಾಗಿದ್ದನ್ನು ನೋಡಿ ಹಿಗ್ಗಿದ್ದೂ ನಿಜ.

ಮುಂದಿನ ವಾರ ಅದೇ ಟಾಕೀಸಿಗೆ ಹೋದಾಗ ಬಾಗಿಲಲ್ಲಿ ಟಿಕೆಟ್ ಹರಿಯುವ ಹಿರಿಯರು ನನ್ನನ್ನು ತಡೆದು ನಿಲ್ಲಿಸಿದರು. ಎಷ್ಟೋ ವರ್ಷಗಳಿಂದ ಅದೇ ಬಾಗಿಲಲ್ಲಿ ನಿಂತವರು.

‘ಸರ್ರ, ಆ ತಾಯಿ ಮಗನ ಸೀನು ನೀವು ಎಲ್ಲಿ ನೋಡಿದ್ರಿ?’

ನಾನು ಸುಮ್ಮನಾದೆ.

‘ಪಿಚ್ಚರ್‌ದಾಗ ಆ ಸೀನೇ ಇಲ್ರಿ. ನೀವು ಇಂಟರ್‌ವೆಲ್ ಆದ ಮ್ಯಾಲೆ ಹೊರಗ ಹೋಗಿದ್ದು ನಾ ನೋಡೀನಿ’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ತಡೆದು ಮತ್ತೆ ಹೇಳಿದರು: ‘ಪೇಪರ್‌ದಾಗ ನೋಡಿ ಬಂದೀವಿ ಅಂತ ದೇವದುರ್ಗದಿಂದ ಒಂದು ಸಂಸಾರ ಬಂದಿತ್ತು. ಸಣ್ಣ ಹುಡುಗ್ರು ಇದ್ವು. ಎರಡನೇ ಅರ್ಧದಾಗ ಆ ಹೊಡೆದಾಟ, ಆ ರಕ್ತ ನೋಡಿ ಹೆದರಿ ಅಳಾಕತ್ವು. ನಡುವೇ ಎದ್ದು ಹೋದ್ರು.’

ದೃಶ್ಯ ಪ್ರಕಟಣೆಯಲ್ಲಿತ್ತು. ಅಂತಿಮ ಸಂಕಲನದಲ್ಲಿ ಬಿಟ್ಟುಹೋಗಿತ್ತು. ನಾನು ಕಾಣದ್ದನ್ನು ಕಂಡೆ ಎಂದು ಬರೆದಿದ್ದೆ.

ಲೆಕ್ಕ ಹಾಕಿ ನೋಡಿ. ದೇವದುರ್ಗದಿಂದ ರಾಯಚೂರಿಗೆ ಸುಮಾರು 50 ಕಿ.ಮೀ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ತಾಯಿಗೆ ಬಸ್ಸು ಉಚಿತ ಇರಬಹುದು. ತಂದೆಗೆ ಟಿಕೆಟ್ ತಪ್ಪದು. ಎಲ್ಲರ ಸಿನಿಮಾ ಟಿಕೆಟ್ಟು, ಮಕ್ಕಳಿಗೆ ತಿನ್ನಲು ಕೊಡಿಸಿದ್ದು, ಎಲ್ಲಕ್ಕಿಂತ ಹೆಚ್ಚಾಗಿ ಇಬ್ಬರ ಒಂದು ದಿನದ ಕೂಲಿ. ನನ್ನ ಒಂದು ಸಾಲನ್ನು ನಂಬಿ ಅವರು ಅಷ್ಟನ್ನು ಕಳೆದುಕೊಂಡರು. ಅವರು ಯಾರೆಂದು ನನಗೆ ಗೊತ್ತಿಲ್ಲ, ಕ್ಷಮೆ ಕೇಳಲು ವಿಳಾಸವಿಲ್ಲ. ಸಂಪಾದಕರ ಬಳಿ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಮರುವಾರ ಅದೇ ಪುಟದಲ್ಲಿ ತಿದ್ದುಪಡಿ ಬಂತು. ಚಿಕ್ಕದು, ನಾಲ್ಕು ಸಾಲು. ನಾನು ಬರೆದುದರಲ್ಲಿ ಅತ್ಯಂತ ಕಷ್ಟಪಟ್ಟು ಬರೆದದ್ದು ಅದೇ.

ಅಂದಿನಿಂದ ಮೂರು ಕಟ್ಟಳೆ ಹಾಕಿಕೊಂಡಿದ್ದೇನೆ. ಒಂದು, ಪೂರ್ತಿ ನೋಡದ ಚಿತ್ರದ ವಿಮರ್ಶೆ ಇಲ್ಲ. ನಡುವೆ ಕರೆ ಬಂದರೆ ಹೋಗುತ್ತೇನೆ, ವಿಮರ್ಶೆ ಆ ವಾರ ನಿಲ್ಲುತ್ತದೆ. ಎರಡು, ಪತ್ರಿಕಾ ಪ್ರಕಟಣೆಯಿಂದ ಹೆಸರು, ಅಂಕಿ ಅಂಶ ಮಾತ್ರ. ಹೊಗಳಿಕೆಯ ಒಂದು ಪದವನ್ನೂ ಎತ್ತಿಕೊಳ್ಳುವುದಿಲ್ಲ. ಮೂರು, ಟಿಕೆಟ್ ಕೊಂಡೇ ಹೋಗುತ್ತೇನೆ, ಸಾಧ್ಯವಾದಷ್ಟೂ ಬಾಲ್ಕನಿ ಬಿಟ್ಟು ಕೆಳಗೆ ಕೂಡುತ್ತೇನೆ. ಚಿತ್ರ ಎಲ್ಲಿ ಜನರನ್ನು ಹಿಡಿಯಿತು, ಎಲ್ಲಿ ಕೈಬಿಟ್ಟಿತು ಎಂಬುದು ಕೆಳಗೆ ಕುಳಿತರೆ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ. ಜನ ನಕ್ಕದ್ದೆಲ್ಲ ಒಳ್ಳೆಯ ಚಿತ್ರ ಎಂದಲ್ಲ. ಅವರು ಏಕೆ ನಕ್ಕರು ಎಂದು ಯೋಚಿಸದೆ ಬರೆಯಬಾರದು, ಅಷ್ಟೆ.

ಇದನ್ನು ಪಾಲಿಸುವುದು ಸುಲಭವಲ್ಲ ಎಂಬುದನ್ನೂ ಹೇಳಬೇಕು. ಜಾಹೀರಾತು ಕೊಡುವವರಿಗೆ ಕಟು ವಿಮರ್ಶೆ ರುಚಿಸುವುದಿಲ್ಲ. ಅಭಿಮಾನಿ ಸಂಘದ ಹುಡುಗರು ನಮ್ಮ ಜೊತೆ ಓದಿದವರೇ ಆಗಿರುತ್ತಾರೆ. ಸಂಜೆ ಚಹದಂಗಡಿಯಲ್ಲಿ ಎದುರಾಗುತ್ತಾರೆ. ‘ನಮ್ಮ ಬಾಸ್ ಬಗ್ಗೆ ಹಿಂಗ್ಯಾಕ ಬರ್ದಿ ಅಣ್ಣಾ’ ಎಂದು ಕೇಳುತ್ತಾರೆ. ಬೆಂಗಳೂರಿನ ವಿಮರ್ಶಕ ಗುಂಪಿನಲ್ಲಿ ಕರಗಿಹೋಗಬಲ್ಲ. ಚಿಕ್ಕ ಊರಿನ ವಿಮರ್ಶಕನಿಗೆ ಆ ಆಸರೆ ಇಲ್ಲ. ಇದರ ಜೊತೆಗೆ ಮೊದಲ ಆಟ ಮುಗಿಯುವ ಮುನ್ನವೇ ಮೊಬೈಲಿನಲ್ಲಿ ತೀರ್ಪು ಹರಿದಾಡುತ್ತದೆ. ವೇಗದಲ್ಲಿ ಅವರೊಂದಿಗೆ ಸ್ಪರ್ಧಿಸಲು ಹೋದರೆ ನಾವು ಸೋಲುತ್ತೇವೆ. ಇಂಟರ್‌ವೆಲ್‌ಗೇ ಎದ್ದು ಬರೆಯುವ ಚಟ ಅಲ್ಲಿಂದಲೇ ಶುರು. ನಮ್ಮ ಬಂಡವಾಳ ವೇಗವಲ್ಲ, ನಮ್ಮ ನೆಲದ ತಿಳಿವಳಿಕೆ.

ಆ ತಿಳಿವಳಿಕೆ ಏನು ಮಾಡಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ಕೊಟ್ಟು ಮುಗಿಸುತ್ತೇನೆ. 2024ರಲ್ಲಿ ‘ಫೋಟೋ’ ಎಂಬ ಚಿತ್ರ ತೆರೆಕಂಡಿತು. ನಿರ್ದೇಶಕರು ಉತ್ಸವ್ ಗೋನವಾರ, ಅರ್ಪಿಸಿದವರು ಪ್ರಕಾಶ್ ರಾಜ್. ನಮ್ಮ ಸೀಮೆಯ ಒಬ್ಬ ಬಡ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ. 2020ರ ಲಾಕ್‌ಡೌನ್ ಆ ಆಸೆಯ ಮೇಲೆ ಬಂದು ಬೀಳುತ್ತದೆ. ಬೇರೆ ಊರಿನವರಿಗೆ ಇದು ಲಾಕ್‌ಡೌನಿನ ಕಥೆ. ದೇವದುರ್ಗದ ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೊರಟವರನ್ನು ಪ್ರತಿ ವರ್ಷ ನೋಡುವವನಿಗೆ ಇದು ಲಾಕ್‌ಡೌನಿಗಿಂತ ಹಳೆಯ ಕಥೆ. ಕಟ್ಟಡ ಕಟ್ಟುವವರು ನಮ್ಮವರು, ಕಟ್ಟಡದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು ಮಾತ್ರ ಅವರ ಮಕ್ಕಳಿಗೆ ಕನಸು. ಎರಡು ನದಿಗಳ ನಡುವಿನ ನಾಡಿನಿಂದ ಜನ ಏಕೆ ಗುಳೆ ಹೋಗುತ್ತಾರೆ ಎಂಬ ಪ್ರಶ್ನೆಯನ್ನು ಆ ಚಿತ್ರದ ಪಕ್ಕದಲ್ಲಿಟ್ಟು ಬರೆಯಬೇಕಾದವನು ಇಲ್ಲಿನ ವಿಮರ್ಶಕ.

ಭಾಷೆಯ ಮಾತೂ ಹಾಗೆಯೇ. ನಮ್ಮ ಮಾತನ್ನು ಕನ್ನಡ ಸಿನಿಮಾ ಬಹುಕಾಲ ನಗಿಸಲಿಕ್ಕೆ ಬಳಸಿತು. ಧಾರವಾಡದ್ದು, ಬೆಳಗಾವಿಯದ್ದು, ರಾಯಚೂರಿನದ್ದು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ಉತ್ತರ ಕರ್ನಾಟಕದ ಭಾಷೆ’ ಎಂದಿತು. ಒಬ್ಬ ತಾಯಿ ಅದೇ ಮಾತಿನಲ್ಲಿ ಅತ್ತಾಗ ಪ್ರೇಕ್ಷಕರು ನಗದೆ ಕುಳಿತರೆ, ಏನೋ ಬದಲಾಗಿದೆ ಎಂದರ್ಥ. ಆ ಬದಲಾವಣೆಯನ್ನು ಮೊದಲು ಗುರುತಿಸಬೇಕಾದ ಕಿವಿ ನಿಮ್ಮದು.

ಗೆಳೆಯರೇ, ಒಂಟಿ ಪರದೆಯ ಟಾಕೀಸುಗಳು ಎಲ್ಲೆಡೆ ಮುಚ್ಚುತ್ತಿವೆ. ಕೆಲವು ಗೋದಾಮುಗಳಾಗಿವೆ, ಕೆಲವು ಕಲ್ಯಾಣ ಮಂಟಪಗಳಾಗಿವೆ. ಹಳೆಯ ಆಪರೇಟರು, ಬಾಗಿಲು ಕಾಯುವವರು, ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ರಜೆಯಲ್ಲಿ ನಿಮ್ಮ ಊರಿನ ಅಂಥ ಒಬ್ಬರ ಬಳಿ ಕೂತು ಅವರು ಹೇಳಿದ್ದನ್ನು ಬರೆದುಕೊಳ್ಳಿ. ಯಾವ ಚಿತ್ರ ಎಷ್ಟು ವಾರ ಓಡಿತು, ಯಾವ ಹಾಡಿಗೆ ಜನ ಚಿಲ್ಲರೆ ಎಸೆದರು, ಯಾವ ಮಳೆಯಲ್ಲಿ ಡೇರೆ ಹಾರಿತು - ಎಲ್ಲವನ್ನೂ ಬರೆಯಿರಿ. ತಾರೀಖು ಕೇಳಿ, ಇನ್ನೊಬ್ಬರ ಬಳಿ ಖಚಿತಪಡಿಸಿಕೊಳ್ಳಿ. ಚಿತ್ರ ವಿಮರ್ಶಕನಾಗಲು ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ಆ ಬಾಗಿಲಿನ ಹಿರಿಯರು ಈಗಲೂ ಅಲ್ಲೇ ಇದ್ದಾರೆ. ಪ್ರತಿ ಶುಕ್ರವಾರ ನನ್ನ ಟಿಕೆಟ್ ಹರಿದು ಅರ್ಧ ಚೂರು ಕೈಗಿಡುತ್ತಾರೆ. ಆಟ ಬಿಟ್ಟು ಹೊರಗೆ ಬರುವಾಗ ನನ್ನ ಮುಖ ನೋಡಿ, ‘ಪೂರಾ ನೋಡಿದ್ರಲ್ರಿ?’ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಆಮೇಲೆ ಕಚೇರಿಗೆ ಹೋಗಿ ಬರೆಯುತ್ತೇನೆ.